ಜಿಪ್ಪಕ್ಕನ ಬಿಸಿನೆಸ್ ಪ್ಲಾನು

ಇಡೀ ಬೀದಿಗೆ ಅವಳು ಜಿಪ್ಪಕ್ಕ. ಬ್ಯಾಗಿನ ಜಿಪ್ಪು ಬಾಯಿ ಬಿಟ್ಟರೆ, ಸೂಟ್‌ಕೇಸಿನ ರನ್ನರ್ ಕಿತ್ತು ಕೈಗೆ ಬಂದರೆ, ಜನ ನೇರವಾಗಿ ಬಂದು ಅವಳ ಅಡುಗೆಮನೆಯ ಕಿಟಕಿ ತಟ್ಟುತ್ತಿದ್ದರು. ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಇಕ್ಕಳ, ಒಂದು ಮೇಣದ ತುಂಡು, ಹಳೇ ಬಿಸ್ಕತ್ತಿನ ಡಬ್ಬಿಯ ತುಂಬ ರನ್ನರುಗಳು. ಒಂಬತ್ತು ವರ್ಷದಿಂದ ಕೆಲಸ ಹೀಗೇ ನಡೆದಿತ್ತು. ಯಾವ ಪ್ಲಾನೂ ಇಲ್ಲದೆ ನಡೆಯುತ್ತಿರುವುದು ಎಷ್ಟು ದೊಡ್ಡ ತಪ್ಪೆಂದು ಪಾಪ, ಅವಳಿಗೆ ಯಾರೂ ಹೇಳಿರಲಿಲ್ಲ.

ಹೇಳಿದವರು ಭಾವ, ಅಂದರೆ ಗಂಡನ ಅಣ್ಣ.

ಮನೆಯಲ್ಲೇ ದುಡಿಯುವವರಿಗೆ ಸರ್ಕಾರಿ ಕಚೇರಿಯೊಂದರಲ್ಲಿ ಚರ್ಮ, ದಪ್ಪ ಬಟ್ಟೆ ಹೊಲಿಯುವ ಮಷೀನನ್ನು ಅರ್ಧ ಬೆಲೆಗೆ ಕೊಡುತ್ತಾರೆ, ಅದಕ್ಕೊಂದು ಬಿಸಿನೆಸ್ ಪ್ಲಾನ್ ಬರೆದು ಕೊಡಬೇಕು ಎಂಬ ಸುದ್ದಿಯನ್ನು ಗಂಡ ತಂದಿದ್ದ. ಕೈಸೂಜಿಯಲ್ಲಿ ಸೂಟ್‌ಕೇಸ್ ಹೊಲಿದೂ ಹೊಲಿದೂ ಅವಳ ಹೆಬ್ಬೆರಳು ಜಡ್ಡುಗಟ್ಟಿತ್ತು. ಆಸೆಯಾಯಿತು. ಅಷ್ಟರಲ್ಲಿ ಸುದ್ದಿ ಭಾವನ ಕಿವಿಗೂ ಬಿತ್ತು.

ಭಾವ ಸಾಮಾನ್ಯರಲ್ಲ. ಬಣ್ಣದ ಮೀನಿನ ಅಂಗಡಿ, ಕೊರಿಯರ್ ಏಜೆನ್ಸಿ, ಜಿಮ್ಮು ಎಂದು ಮೂರು ವ್ಯಾಪಾರ ಶುರುಮಾಡಿ ಮೂರನ್ನೂ ಮುಚ್ಚಿದ ಅನುಭವಸ್ಥರು. ಒಂದೇ ಒಂದನ್ನು ಶುರುಮಾಡಿ ಅದನ್ನೇ ನಡೆಸಿಕೊಂಡು ಕೂತ ಜಿಪ್ಪಕ್ಕನಿಗೆ ಅಷ್ಟು ಅನುಭವ ಎಲ್ಲಿಂದ ಬರಬೇಕು?

"ನೀನು ಸುಮ್ನಿರಮ್ಮ, ಪ್ಲಾನ್ ನಾನು ಬರೀತೀನಿ," ಎನ್ನುತ್ತಾ ಲ್ಯಾಪ್‌ಟಾಪ್ ಸಮೇತ ಬಂದು ಅವಳ ಮೇಜಿನ ಅರ್ಧ ಭಾಗವನ್ನು ವಶಪಡಿಸಿಕೊಂಡರು. ಇಕ್ಕಳ, ಡಬ್ಬಿಗಳೆಲ್ಲ ಅವಳ ಮಡಿಲಿಗೆ ಬಂದವು.

"ಮೊದಲು ಹೇಳು, ನಿನ್ನ ದೂರದೃಷ್ಟಿ ಏನು?"

"ದೂರದ್ದು ಚೆನ್ನಾಗೇ ಕಾಣುತ್ತೆ ಭಾವ. ಹತ್ತಿರದ್ದಕ್ಕೆ ಕನ್ನಡಕ ಬೇಕು."

ಭಾವ ನಿಟ್ಟುಸಿರು ಬಿಟ್ಟು ತಮಗೆ ತೋಚಿದ್ದನ್ನೇ ಟೈಪ್ ಮಾಡಿದರು.

"ಹೋಗಲಿ, ನಿನ್ನ ಪ್ರತಿಸ್ಪರ್ಧಿ ಯಾರು?"

ಅವಳು ನಿಜವಾಗಿಯೂ ಯೋಚಿಸಿದಳು. "ಸೇಫ್ಟಿ ಪಿನ್ನು. ಜಿಪ್ಪು ಹೋದ್ರೆ ಜನ ಮೊದಲು ಅದನ್ನ ಚುಚ್ಕೊಂಡು ನೋಡ್ತಾರೆ. ಆಮೇಲೆ ನನ್ನ ಹತ್ರ ಬರ್ತಾರೆ."

'ಪ್ರತಿಸ್ಪರ್ಧಿಗಳೇ ಇಲ್ಲ' ಎಂದು ಭಾವ ಬರೆದರು.

ಮೂರು ವಾರ ಹೀಗೇ ಹೋಯಿತು. 'ಸಮಯದ ಉಳಿತಾಯ' ಎಂಬ ಒಂದು ಅಧ್ಯಾಯಕ್ಕೇ ಆರು ದಿನ, ಇಪ್ಪತ್ತೆರಡು ಲೋಟ ಟೀ ಹಿಡಿಯಿತು. ಕೊನೆಗೆ ಸುರುಳಿ ಬೈಂಡಿನ, ಬಣ್ಣಬಣ್ಣದ ಚಿತ್ರಗಳ ನಲವತ್ತಾರು ಪುಟದ ಪುಸ್ತಕ ತಯಾರಾಯಿತು. ಅದರ ಪ್ರಕಾರ ಐದನೇ ವರ್ಷಕ್ಕೆ ಜಿಪ್ಪಕ್ಕನಿಗೆ ಹನ್ನೊಂದು ಶಾಖೆ, ಅರವತ್ತು ಕೆಲಸಗಾರರು.

"ಅಷ್ಟು ಜನ ಎಲ್ಲಿ ಕೂತ್ಕೋತಾರೆ ಭಾವ?"

"ಮೊದಲು ದೊಡ್ಡದಾಗಿ ಯೋಚನೆ ಮಾಡೋದು ಕಲಿ!"

ಗಂಡ ಎರಡು ಪುಟ ತಿರುವಿ ನೋಡಿ, ಅಣ್ಣನ ಮುಖ ನೋಡಿ, ಚಪ್ಪಲಿ ಮೆಟ್ಟಿಕೊಂಡು ಸದ್ದಿಲ್ಲದೆ ಹೊರಗೆ ಹೋದ.

ಜಿಪ್ಪಕ್ಕ ಪುಸ್ತಕ ಹಿಡಿದು ಕಚೇರಿಗೆ ಹೋದಳು. ಅಲ್ಲಿನ ಅಧಿಕಾರಿ ಒಬ್ಬ ಹೆಂಗಸು. ಹತ್ತೊಂಬತ್ತನೇ ಪುಟದವರೆಗೆ ತಾಳ್ಮೆಯಿಂದ ಓದಿ ತಲೆಯೆತ್ತಿದರು.

"ಅರವತ್ತು ಜನ ಕೆಲಸಗಾರರಾ?"

"ಐದನೇ ವರ್ಷಕ್ಕಂತೆ, ಮೇಡಂ."

"ನಾವು ಮಷೀನು ಕೊಡೋದು ಮನೆಯಲ್ಲಿ ಸಣ್ಣಪುಟ್ಟ ಕೆಲಸ ಮಾಡೋರಿಗಮ್ಮ. ಕಾರ್ಖಾನೆ ಮಾಲೀಕರಿಗಲ್ಲ."

ಹತ್ತೊಂಬತ್ತೇ ಪುಟದಲ್ಲಿ ಅವಳು ಉದ್ಯಮಿಯಾಗಿ, ಕೈಗೆ ಬರಬೇಕಾದ ಮಷೀನನ್ನೂ ಕಳೆದುಕೊಂಡಿದ್ದಳು. ಎದ್ದು ಬಾಗಿಲವರೆಗೂ ಹೋದವಳು ಜಡ್ಡುಗಟ್ಟಿದ ಹೆಬ್ಬೆರಳನ್ನು ಒತ್ತಿಕೊಳ್ಳುತ್ತಾ ತಿರುಗಿದಳು.

"ಮೇಡಂ, ಒಂದು ಬಿಳಿ ಹಾಳೆ ಸಿಗುತ್ತಾ?"

ಹೊರಗಿನ ಬೆಂಚಿನ ಮೇಲೆ ಕೂತು ಬರೆದಳು. ಜಿಪ್ಪು ರಿಪೇರಿ ಮಾಡುತ್ತೇನೆ. ಅಡುಗೆಮನೆಯ ಕಿಟಕಿ ಹತ್ತಿರ, ನಾನೊಬ್ಬಳೇ. ವಾರಕ್ಕೆ ಮೂವತ್ತು ಜನ ಬರುತ್ತಾರೆ, ಶಾಲೆ ಶುರುವಾಗುವಾಗ ಎರಡರಷ್ಟು. ಚರ್ಮದ ಬ್ಯಾಗು ತಂದವರನ್ನು ವಾಪಸ್ ಕಳಿಸುತ್ತೇನೆ, ಸೂಜಿ ಇಳಿಯುವುದಿಲ್ಲ. ಮಷೀನು ಬಂದರೆ ಕಳಿಸುವುದಿಲ್ಲ. 'ಐದು ವರ್ಷದ ನಂತರ' ಎಂದು ಬರೆದಲ್ಲಿ ಮಾತ್ರ ಪೆನ್ನು ನಿಂತಿತು. ತುಂಬ ಹೊತ್ತಾದ ಮೇಲೆ ಬರೆದಳು: ಇದೇ ಕೆಲಸ, ಬೆರಳು ನೋಯದ ಹಾಗೆ.

ಅಧಿಕಾರಿ ನಿಂತಲ್ಲೇ ಓದಿದರು. "ಯಾರು ಬರೆದುಕೊಟ್ರು?"

"ನಾನೇ ಬರೆದೆ."

"ಅದಕ್ಕೇ ಅರ್ಥ ಆಯ್ತು," ಎಂದು ಸೀಲು ಒತ್ತಿದರು. ಅವಳು ಸುರುಳಿ ಪುಸ್ತಕಕ್ಕೆ ಕೈ ಚಾಚಿದಾಗ ತಡೆದರು. "ಇದು ಇಲ್ಲೇ ಇರಲಿ. ಹೀಗೆ ಬರೀಬೇಡಿ ಅಂತ ಬರೋರಿಗೆ ತೋರಿಸೋಕೆ ಬೇಕು."

ಮನೆಯಲ್ಲಿ ಭಾವ ತುದಿಗಾಲಲ್ಲಿ ನಿಂತಿದ್ದರು. ಮಷೀನು ಸಿಕ್ಕಿತೆಂದು ಹೇಳಿದ ಕೂಡಲೇ, "ನನ್ನ ಪ್ಲಾನ್ ಏನಂದ್ರು?" ಎಂದರು.

ಸರಿಯಾದ ಉತ್ತರ ಅವಳ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಭಾವನ ಮುಖ ನೋಡಿದಳು. ಮೂರು ವ್ಯಾಪಾರ ಮುಚ್ಚಿದ ಮನುಷ್ಯ ಜೀವಮಾನದಲ್ಲೇ ಮೊದಲ ಬಾರಿಗೆ ಒಂದು ಒಳ್ಳೆಯ ಸುದ್ದಿಗೆ ಕಾದು ನಿಂತಿದ್ದ.

"ಆಫೀಸಲ್ಲೇ ಇಟ್ಕೊಂಡ್ರು ಭಾವ. ಬರೋರಿಗೆಲ್ಲ ತೋರಿಸ್ತಾರಂತೆ."

ಸುಳ್ಳೇನೂ ಹೇಳಿರಲಿಲ್ಲ. ಸಂಜೆಯೊಳಗೆ ನೆಂಟರಿಷ್ಟರಿಗೆಲ್ಲ ಫೋನು ಹೋಯಿತು.

ತಿಂಗಳ ಮೇಲೆ ಮಷೀನು ಬಂತು. ಬಾಗಿಲಲ್ಲಿ ತೂರದೆ ಗಂಡ ಕದವನ್ನೇ ಕಳಚಬೇಕಾಯಿತು. ಎರಡು ಸಲ ವಾಪಸ್ ಹೋಗಿದ್ದ ಚರ್ಮದ ಬ್ಯಾಗಿನವನೇ ಮೊದಲ ಗಿರಾಕಿ. ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯಿತು. ಭಾವ ಅವಳ ಬೆನ್ನ ಹಿಂದೆ ನಿಂತು, "ಇದೆಲ್ಲ ನನ್ನ ಪ್ಲಾನಿನ ಇಪ್ಪತ್ತೆಂಟನೇ ಪುಟದಲ್ಲಿದೆ, ನೋಡಿ ಸ್ವಾಮಿ," ಎಂದು ಅವನಿಗೆ ವಿವರಿಸತೊಡಗಿದರು.

ಮಷೀನಿನಿಂದ ಇನ್ನೊಂದು ಲಾಭವಿದೆ ಎಂಬುದು ಜಿಪ್ಪಕ್ಕನಿಗೆ ಆಗ ತಿಳಿಯಿತು. ಅದರ ಸದ್ದಿನಲ್ಲಿ ಮುಂದಿನ ಒಂದು ಮಾತೂ ಅವಳಿಗೆ ಕೇಳಿಸಲಿಲ್ಲ. ಪೆಡಲನ್ನು ಇನ್ನಷ್ಟು ಜೋರಾಗಿ ಒತ್ತಿದಳು.