ಚಿಗುರು ಕಮ್ಮಾರರ ಜೀವಂತ ಕಂಬಿ

ಕಾದ ಕಬ್ಬಿಣದ ಮೇಲೆ ಸುತ್ತಿಗೆ ಇಳಿಸುವ ಮುನ್ನ ಅದನ್ನೊಮ್ಮೆ ಹೂವಿನಂತೆ ಮೂಸಿ ನೋಡುವುದು ಅವರ ಅಭ್ಯಾಸ. ಹೀಗಾಗಿ ಸದಾ ಸೀದಿರುವ ಅವರ ಎಡಹುಬ್ಬು ಪೂರ್ತಿ ಬೆಳೆದದ್ದನ್ನು ಕಂಡವರಿಲ್ಲ. ಕುಲುಮೆಯಿಂದ ಮನೆಗೆ ಹತ್ತು ನಿಮಿಷದ ದಾರಿ, ಅವರಿಗೆ ಮುಕ್ಕಾಲು ಗಂಟೆ. ಗೋಡೆಯ ಬಿರುಕಿನಲ್ಲಿ ಹುಟ್ಟಿದ ಒಂದೊಂದು ಗಿಡದ ಮುಂದೂ ಬಾಗಿ, ಚರ್ಮದ ಮೇಲಂಗಿಯ ಜೇಬಿನಿಂದ ಮೊಳೆಗಳ ಜೊತೆ ಬೀಜಗಳನ್ನೂ ಉದುರಿಸುತ್ತ, ಒಂದು ಪಕ್ಕಕ್ಕೆ ವಾಲಿಕೊಂಡೇ ನಡೆಯುವರು. ಜನ ಅವರನ್ನು ಚಿಗುರು ಕಮ್ಮಾರರೆಂದು ಕರೆದದ್ದು ಗೇಲಿಗೆ. ಅವರು ಅದನ್ನು ಬಿರುದೆಂದೇ ಸ್ವೀಕರಿಸಿದರು.

"ಇನ್ನು ನೂರು ವರ್ಷ ಹೋಗ್ಲಿ, ನೋಡಿ" ಎಂದು ಶುರುಮಾಡಿದರೆ ಗಿರಾಕಿ ತನ್ನ ಕುಡುಗೋಲಿನ ಆಸೆ ಬಿಡಬೇಕು. ಆ ಕಾಲದಲ್ಲಿ ಲೋಹಕ್ಕೆ ನರಗಳಿರುತ್ತವೆ, ನರಗಳಲ್ಲಿ ಜೀವರಸ ಹರಿಯುತ್ತದೆ. ಬಿರುಕುಬಿಟ್ಟ ಸೇತುವೆ ಒಂದೇ ಮಳೆಗೆ ತಾನಾಗಿ ಕೂಡಿಕೊಳ್ಳುತ್ತದೆ. ಕಿಟಕಿಯ ಸರಳುಗಳೇ ಬೇಸಿಗೆಯಲ್ಲಿ ಎಲೆ ಬಿಟ್ಟು ನೆರಳು ಕೊಡುತ್ತವೆ. "ಆಗ ಕಮ್ಮಾರನಿಗೇನು ಕೆಲಸ?" ಎಂದು ಯಾರೋ ಕೇಳಿದ್ದಕ್ಕೆ "ನೀರು ಹಾಕೋದು" ಎಂದರಂತೆ, ಪರಮ ಗಾಂಭೀರ್ಯದಿಂದ.

ಅವರ ಮನೆಯಲ್ಲೇ ಇದ್ದ ಅತ್ತೆ ಒಮ್ಮೆ ಹಿತ್ತಿಲಲ್ಲಿ ಜಾರಿ ಬಿದ್ದವರು, ಮೂಳೆ ಮುರಿಯದಿದ್ದರೂ ಧೈರ್ಯ ಮುರಿದು, ಕುರ್ಚಿ ಹಿಡಿದು ಕೂತುಬಿಟ್ಟರು. ಹಿಂಬಾಗಿಲಿನಿಂದ ಬಚ್ಚಲಿಗೆ ಇಪ್ಪತ್ತು ಹೆಜ್ಜೆ. "ಅಮ್ಮನಿಗೆ ಹಿಡ್ಕೊಳ್ಳೋಕೆ ಒಂದು ಕಂಬಿ ಹಾಕಿ. ಒಂದು ದಿನದ ಕೆಲಸ" ಎಂದಳು ಹೆಂಡತಿ.

ಆ ಒಂದು ದಿನ ಒಂದೂವರೆ ವರ್ಷವಾಯಿತು. ಕಮ್ಮಾರರು ಉದ್ದಕ್ಕೂ ತೂತು ಕೊರೆದ ಕಬ್ಬಿಣದ ಕೊಳವೆಯನ್ನು ಸೊಂಟದೆತ್ತರಕ್ಕೆ ಅಡ್ಡಲಾಗಿ ನಿಲ್ಲಿಸಿ, ಎರಡೂ ತುದಿಗೆ ಅತ್ತಿ ಸಸಿ ನೆಟ್ಟು, ಕುಡಿಗಳನ್ನು ತೂತುಗಳಲ್ಲಿ ಹೆಣೆದರು. ಮರ ಕಬ್ಬಿಣವನ್ನು ಅಪ್ಪಿಕೊಂಡು ನುಂಗುವತನಕ ಯಾರೂ ಮುಟ್ಟಕೂಡದು.

"ಕಂಬಿ ಇನ್ನೂ ಎಳೇದು, ಅತ್ತೆ."

"ನಾನು ಹಳಬಳು, ಅಳಿಯಂದಿರೇ. ಅದು ದೊಡ್ಡದಾಗೋವರೆಗೆ ನಾನಿರ್ಬೇಕಲ್ಲ!"

ಶತಮಾನಗಳಾಚೆಗೆ ನೋಟವಿಟ್ಟವರಿಗೆ ಸಸಿಗೆ ನೀರು ಹಾಕುವುದು ಮರೆತೇಹೋಯಿತು. ಕುರ್ಚಿಯಿಂದ ಎಲೆಗಳು ಬಾಡುವುದನ್ನು ನೋಡಿ ನೋಡಿ ಸಾಕಾದ ಅತ್ತೆ ಒಂದು ಬೆಳಗ್ಗೆ ಚೊಂಬು ಹಿಡಿದು, ಗೋಡೆ ಸವರಿಕೊಂಡು ಎದ್ದರು. ಮಗಳು ಜೀವ ಕೈಯಲ್ಲಿ ಹಿಡಿದು ಹಿಂದೆ ನಿಂತಳು. ಅಂದು ಮೂರು ಹೆಜ್ಜೆ, ತಿಂಗಳಾಗುವಷ್ಟರಲ್ಲಿ ಹತ್ತು, ಮುಂದೆ ಆಚೆ ತುದಿಯ ಸಸಿಗೂ ನೀರು, ಕೊನೆಗೆ ಚೊಂಬಿನ ಬದಲು ಬಕೆಟ್ಟು.

ಮರವೂ ಲೋಹವೂ ನಿಜಕ್ಕೂ ಒಂದಾಗಿ, ಆನೆ ಜಗ್ಗಿದರೂ ಅಲುಗದಂತಾದ ದಿನ ಕಮ್ಮಾರರು ಬೀದಿಯವರನ್ನೆಲ್ಲ ಕರೆದರು. ಅತ್ತೆ ಬಕೆಟ್ಟು ಬೀಸುತ್ತ ಕಂಬಿಯ ಪಕ್ಕದಲ್ಲೇ ನೆಟ್ಟಗೆ ನಡೆದುಹೋದರು.

"ಹಿಡ್ಕೊಳ್ಳಿ ಅತ್ತೆ, ಒಂದೇ ಒಂದ್ಸಲ!" ಅಳಿಯ ಅಂಗಲಾಚಿದರು.

"ಬೇಡಪ್ಪಾ. ಪಾಪ, ಅದಕ್ಕೆ ನೋವಾಗುತ್ತೆ."

ಕಮ್ಮಾರರು ಒಂದು ಕ್ಷಣ ಪೆಚ್ಚಾದರು. ಆಮೇಲೆ ಜನರತ್ತ ತಿರುಗಿ, "ನೋಡಿದ್ರಾ? ಮುಟ್ಟದೇ ಕೆಲಸ ಮಾಡುತ್ತೆ!" ಎಂದು ಸಾರಿದರು.

ಇಂಥವರು ಹೇಳಿದ್ದನ್ನು ಹೇಳಿದಂತೆ ಮಾಡಿ ಮುಗಿಸುವುದು ಅಪರೂಪ. ಮಾಡಿದ್ದು ಬೇರೆಯೇ ರೀತಿಯಲ್ಲಿ ಯಾರಿಗೋ ಒದಗಿಬಿಡುತ್ತದೆ, ಅದರ ಕೀರ್ತಿಯನ್ನೂ ಅವರು ನಿಸ್ಸಂಕೋಚವಾಗಿ ತಾವೇ ಹೊತ್ತುಕೊಳ್ಳುತ್ತಾರೆ. ಮನೆಯವರು ಅದನ್ನು ಕೊಟ್ಟೂ ಬಿಡುತ್ತಾರೆ. ನಾಳೆಯನ್ನು ನಂಬುವವರೊಬ್ಬರು ಮನೆಯಲ್ಲಿದ್ದರೆ ಉಳಿದವರಿಗೆ ಇವತ್ತಿನ ಕೆಲಸ ಹೆಚ್ಚುತ್ತದೆ ನಿಜ. ಬೇಸರಕ್ಕೆ ಮಾತ್ರ ಪುರುಸೊತ್ತಿರುವುದಿಲ್ಲ.