ಮಾಯಪ್ಪ ನೋಡದ ನಳ

ಧರೆಪ್ಪನ ಅಡಿಗೆಮನೆಯ ನಳ ಮತ್ತೆ ಸೋರುತ್ತಿತ್ತು. ಎಷ್ಟು ಕಿವಿ ಹಿಂಡಿದರೂ ಹಟ ಬಿಡದ ಮಗುವಿನ ಹಾಗೆ ತೊಟ್ಟಿಕ್ಕುತ್ತಿತ್ತು. ಮಾಯಪ್ಪ ಹಿತ್ತಲ ಬಾಗಿಲ ಹೊರಗೆ ಕೂತಿದ್ದ. ಕಬ್ಬೂರಿನ ಅರ್ಧ ಮನೆಗಳಿಗೆ ಪೈಪು ಜೋಡಿಸಿದವನು ಅವನೇ. ಆದರೆ ಅವನ ಕೇರಿಯವರು ಈ ಅಡಿಗೆಮನೆಗೆ ಕಾಲಿಡುವಂತಿರಲಿಲ್ಲ. ಹೀಗಾಗಿ ಧರೆಪ್ಪನೇ ಪಾನಾ ಹಿಡಿದು ನಳದ ತಿರುಪು ಬಿಚ್ಚಿ ಹೊರಗೆ ತರಬೇಕು, ಮಾಯಪ್ಪ ಅದಕ್ಕೆ ಹೊಸ ರಬ್ಬರ್ ವಾಯ್ಸರ್ ಹಾಕಿ ಕೊಡಬೇಕು, ಧರೆಪ್ಪ ಒಳಗೊಯ್ದು ಕೂಡಿಸಬೇಕು. ಮೂರು ಸಲ ಹಾಗೆ ಮಾಡಿಯೂ ಸೋರುವುದು ನಿಲ್ಲಲಿಲ್ಲ.

“ವಾಯ್ಸರ್ ಅಳತಿ ಬರೋಬ್ಬರಿ ಐತ್ರಿ ಸಾವಕಾರ್ರ. ನಳದ ಒಳಗ ಏನೋ ಅಡ್ಡ ಕುಂತೈತಿ. ಒಮ್ಮಿ ನಾನ ಬ್ಯಾಟರಿ ಬಿಟ್ಟು ನೋಡ್ತೇನ್ರಿ,” ಎಂದ ಮಾಯಪ್ಪ.

ಧರೆಪ್ಪ ತಾಯಿಯ ಮುಖ ನೋಡಿದ. ಗೌರಾಬಾಯಿ ರೊಟ್ಟಿ ಬಡಿಯುತ್ತಲೇ ಹೇಳಿದಳು: “ನಿನ್ನ ಮ್ಯಾಲ ನನಗೇನ ಸಿಟ್ಟಿಲ್ಲೋ ಮಾಯಪ್ಪ. ನಮ್ಮತ್ತಿ ನಡಿಸಿಕೊಂಡ ಬಂದದ್ದು. ನಾ ಹೆಂಗ ಮುರೀಲಿ?”

ಮಾಯಪ್ಪ ಚೀಲ ಕಟ್ಟಿಕೊಂಡು ಎದ್ದ.

ನಳದೊಳಗೆ ಧರೆಪ್ಪನಾದರೂ ಇಣುಕಬಹುದಿತ್ತು. ಅದನ್ನು ಬಿಟ್ಟು ಬಸ್ ಸ್ಟ್ಯಾಂಡಿನ ಚಹಾದಂಗಡಿಗೆ ಹೋಗಿ ಮಾಯಪ್ಪನ ಕೆಮ್ಮು, ನಡುಗುವ ಕೈ, ಕುಂಟು ನಡಿಗೆ ಎಲ್ಲವನ್ನೂ ಮಾಡಿ ತೋರಿಸಿ, ಮಾಯಪ್ಪ ಬಂದರೂ ಸೋರುವುದು ಮಾಯವಾಗಲಿಲ್ಲ ಎಂದು ಎಲ್ಲರನ್ನೂ ನಗಿಸಿದ. ಆ ಮಾತು ನೀರಿಗಿಂತ ಬೇಗ ಊರೆಲ್ಲ ಹರಿಯಿತು. ದ್ರಾಕ್ಷಿ ತೋಟದವರು ಪೈಪಿನ ಕೆಲಸಕ್ಕೆ ಚಿಕ್ಕೋಡಿಯಿಂದ ಬೇರೆಯವರನ್ನು ಕರೆಸತೊಡಗಿದರು. ಮಾಯಪ್ಪ ಓಣಿ ಓಣಿ ತಿರುಗಿ ಕೆಲಸ ಸಿಗದೆ ಮನೆಗೆ ಮರಳುತ್ತಿದ್ದ. ದೀಪಾವಳಿಯಾದ ಮೇಲೆ ಒಂದು ಬೆಳಿಗ್ಗೆ, ಎದೆ ನೋಯುತ್ತದೆಂದು ಕೂತವನು ಮತ್ತೆ ಏಳಲಿಲ್ಲ.

ನಳ ಮಾತ್ರ ಸೋರುತ್ತಲೇ ಇತ್ತು. ಒಂದು ನಳಕ್ಕಾಗಿ ಅಷ್ಟು ದೂರ ಬರಲು ಚಿಕ್ಕೋಡಿಯವರು ಒಪ್ಪಲಿಲ್ಲ. ಕೊನೆಗೆ ಧರೆಪ್ಪ ಮಾಯಪ್ಪನ ಮಗ ವಿಕ್ರಾಂತನನ್ನು ಕರೆದ. ನಿಪ್ಪಾಣಿಯ ನೌಕರಿಯಿಂದ ರಜೆಗೆ ಊರಿಗೆ ಬಂದಿದ್ದ ಅವನು ಅಪ್ಪನ ಕೆಲಸವನ್ನೂ ಬಲ್ಲವನು. ಬಂದವನು ಹಿತ್ತಲಿಗೆ ಹೋಗದೆ ಮುಂಬಾಗಿಲಲ್ಲೇ ನಿಂತ.

“ಅಪ್ಪನ ಹಂಗ ಹೊರಗ ಕುಂತು ಮಾಡಾಂವ ಅಲ್ರಿ ನಾ. ಒಳಗ ಬಿಟ್ರ ನೋಡ್ತೇನಿ. ಇಲ್ಲಂದ್ರ ಹೊಳ್ಳಿ ಹೋಗ್ತೇನಿ.”

ಗೌರಾಬಾಯಿ ಗೋಡೆ ಹಿಡಿದು ಪಕ್ಕಕ್ಕೆ ಸರಿದಳು.

ವಿಕ್ರಾಂತ ತಿರುಪು ಬಿಚ್ಚಿ, ಒಳಗೆ ಬೆಳಕು ಬಿಟ್ಟು, ತಂತಿಯ ತುದಿಯಿಂದ ಕೆದರಿ ಒಂದು ಕಪ್ಪು ಚೂರು ತೆಗೆದ. ಹಳೆಯ ವಾಯ್ಸರಿನ ರಬ್ಬರು ಕಲ್ಲಿನಂತೆ ಗಟ್ಟಿಯಾಗಿ ತಳಕ್ಕೆ ಅಂಟಿತ್ತು. ಹೊಸ ವಾಯ್ಸರ್ ಪ್ರತಿ ಸಲ ಅದರ ಮೇಲೇ ಕೂಡುತ್ತಿತ್ತು. ಅವನು ತಿರುಪಿನಲ್ಲಿದ್ದ ವಾಯ್ಸರನ್ನು ಒರೆಸಿ, ಅದನ್ನೇ ಮತ್ತೆ ಕೂಡಿಸಿದ. ನೀರು ನಿಂತಿತು.

“ಅಪ್ಪ ಕೊಟ್ಟಿದ್ದ ವಾಯ್ಸರೇ ಐತ್ರಿ ಇದು,” ಎಂದಷ್ಟೇ ಹೇಳಿ ಹೊರಟುಹೋದ.

ಮರುದಿನ ಧರೆಪ್ಪ ಮೊದಲ ಸಲ ಮಾಯಪ್ಪನ ಮನೆಗೆ ಹೋದ. ಮಾಯಪ್ಪನ ಹೆಂಡತಿ ಸುಂದರಾ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವನು ನಿಂತೇ ನಡೆದದ್ದನ್ನೆಲ್ಲ ಹೇಳಿ, ತಪ್ಪು ತನ್ನದೆಂದ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

“ಅವರ ಕೈ ಎಂಥಾದ್ದಂತ ನನಗ ಗೊತ್ತಿತ್ರಿ. ಗೊತ್ತಿರಲಾರದವರು ಬಸ್ ಸ್ಟ್ಯಾಂಡಿನಾಗ ಅದಾರ. ಅಲ್ಲಿ ಹೋಗಿ ಹೇಳ್ರಿ.”

ಚಹಾದಂಗಡಿಯವರು ಅವನನ್ನು ಕಂಡು ಬೆಂಚಿನ ಮೇಲೆ ಜಾಗ ಬಿಟ್ಟರು. ಧರೆಪ್ಪ ಕೂಡಲಿಲ್ಲ.

“ಮಾಯಪ್ಪನ ಕೆಲಸ ಸರಿ ಇತ್ತು. ನಾವು ಅವನ್ನ ಒಳಗ ಬಿಡಲಿಲ್ಲ, ನಾನೂ ನೋಡಲಿಲ್ಲ. ಹೆಸರು ಅವಂದು ಕೆಟ್ಟಿತು.”

ಇದೂ ಒಂದು ತಮಾಷೆಯೆಂದು ಇಬ್ಬರು ನಕ್ಕರು. ಆ ನಗು ನಿಲ್ಲುವವರೆಗೆ ಕಾದು, ಧರೆಪ್ಪ ಮೊದಲಿನಿಂದ ಮತ್ತೊಮ್ಮೆ ಹೇಳತೊಡಗಿದ.