ಹತ್ತೊಂಬತ್ತನೇ ಫಾರಂ

“ಬಾಯಿ ತೆಗೀರಿ.”

ಬೈಂಡರ್ ಬಾಯಿ ತೆರೆದ. ಹೆಂಡತಿ ದಾರ ಪೋಣಿಸಿದ ಸೂಜಿಯನ್ನು ತೋಳಿಗೆ ಚುಚ್ಚಿಕೊಂಡು, ತುದಿಗಾಲಲ್ಲಿ ನಿಂತು, ಅವನ ಬಾಯಿಗೆ ಮೂಗು ಒಡ್ಡಿದಳು. ಲವಂಗ. ಮತ್ತೆ ಲವಂಗ. ಲವಂಗದ ಹಿಂದೆ ಬೆಳಗಿನ ಕಾಫಿ. ಅಷ್ಟೇ.

“ಉಸಿರು ಬಿಡಿ. ಜೋರಾಗಿ.”

“ಜೋರಾಗಿ ಬಿಟ್ರೆ ನೀನು ಹಾರಿಹೋಗ್ತೀಯ. ಈಗ ಅಷ್ಟು ಉಸಿರಿದೆ ನನ್ನ ಹತ್ರ.”

“ಬೆರಳು ತೋರಿಸಿ.”

ತೋರಿಸಿದ. ಮೂವತ್ತು ವರ್ಷದ ಹಳದಿ ಕಲೆ ಎರಡು ಬೆರಳ ನಡುವೆ ಹಾಗೇ ಇತ್ತು. ಆದರೆ ವಾಸನೆ ಮಾತ್ರ ಅಂಟಿನದು.

“ಸೇದಿಲ್ಲ ಕಣೇ. ಇವತ್ತಿಗೆ ಒಂಬತ್ತು ದಿನ.”

“ಸರಿ ಬಿಡಿ, ಗೊತ್ತಾಯ್ತು,” ಎಂದಳು. ಗಂಡ ಸಿಗರೇಟು ಮುಟ್ಟಿಲ್ಲವೆಂದು ಖಾತ್ರಿಯಾದ ಹೆಂಡತಿಯ ಮುಖ ಅರಳಬೇಕು. ಅವಳ ಮುಖ ಕಣ್ಣೆದುರೇ ಬಸ್ಸು ತಪ್ಪಿಸಿಕೊಂಡವಳ ಮುಖದಂತಿತ್ತು.

ಅದಕ್ಕೆ ಕಾರಣವಿತ್ತು. ಬೀದಿಯವರು ಚಿಮಣಿ ಎಂದು ಕರೆಯುತ್ತಿದ್ದ ಈ ಮನುಷ್ಯನ ಕಸುಬಿನ ಗಡಿಯಾರವೇ ಸಿಗರೇಟು. ಪುಸ್ತಕದ ಬೆನ್ನಿಗೆ ಅಂಟು ಬಳಿದು, ಅಂಗಡಿಯ ಹೊರಮೆಟ್ಟಿಲ ಮೇಲೆ ಕೂತು ಒಂದು ಸೇದಿ ಬಂದರೆ ಅಂಟು ಬಟ್ಟೆ ಹಚ್ಚುವ ಹದಕ್ಕೆ ಬಂದಿರುತ್ತಿತ್ತು. ರಟ್ಟಿಗಾದರೆ ಒಂದೂವರೆ. ಚರ್ಮದ ಹೊದಿಕೆಗೆ ಎರಡು, ಮಳೆಗಾಲದಲ್ಲಿ ಮೂರು. ದಿನಕ್ಕೆ ಹನ್ನೊಂದು ಸಲ ಅವನು ಹೊರಗೆ ಹೋಗುತ್ತಿದ್ದ, ಹನ್ನೊಂದು ಸಲವೂ ಕಿಟಕಿಯ ಗಾಜಿನಾಚೆ ನೀಲಿ ಹೊಗೆಯ ಎಳೆಯೊಂದು ಮೇಲೇಳುತ್ತಿತ್ತು. ಆ ಹೊಗೆ ಕಾಣುವಷ್ಟು ಹೊತ್ತು ಅವಳು ಓದುತ್ತಿದ್ದಳು.

ಓದಬಾರದು ಎಂಬುದು ಆ ಅಂಗಡಿಯ ನಿಯಮ. ಬೈಂಡರನ ಅಪ್ಪ ಮಾಡಿಟ್ಟದ್ದು. ಅಕ್ಷರದ ಮೇಲೆ ಕಣ್ಣು ಹೋದರೆ ಸೂಜಿ ದಾರಿ ತಪ್ಪುತ್ತದೆ ಎಂದು ಅವರ ವಾದ. ಆರು ವರ್ಷದ ಹಿಂದೆ ಅದು ನಿಜವೂ ಆಗಿತ್ತು. ಒಬ್ಬ ಡಾಕ್ಟರ ಪ್ರಬಂಧವನ್ನು ಹೊಲಿಯುತ್ತ ಅವಳು ಓದಿನಲ್ಲಿ ಮುಳುಗಿಹೋಗಿ, ಹೃದಯದ ಅಧ್ಯಾಯದ ನಟ್ಟನಡುವೆ ಮೂತ್ರಪಿಂಡವನ್ನು ಸೇರಿಸಿ ಹೊಲಿದುಬಿಟ್ಟಿದ್ದಳು. ಪರೀಕ್ಷಕರು ನಕ್ಕರಂತೆ. ಡಾಕ್ಟರು ನಗಲಿಲ್ಲ. ಅವತ್ತು ಅವಳು ಕೈಯೆತ್ತಿ ಹೇಳಿದ್ದಳು: “ಇನ್ನು ಈ ಅಂಗಡಿಯಲ್ಲಿ ಒಂದಕ್ಷರ ಓದಿದ್ರೆ ನನ್ನ ಹೆಸರೇ ಬದಲಾಯಿಸಿ.”

ಎರಡು ವಾರ ನಿಭಾಯಿಸಿದಳು. ಆಮೇಲೆ ಕಿಟಕಿಯಾಚೆಯ ಹೊಗೆ ನೆರವಿಗೆ ಬಂತು.

ಹೀಗಿರುವಾಗ, ಹತ್ತು ದಿನದ ಹಿಂದೆ, ಅಂಗಡಿಯ ಮೇಲಿನ ಮನೆಗೆ ಹತ್ತುವ ಹದಿನಾಲ್ಕು ಮೆಟ್ಟಿಲಲ್ಲಿ ಎಂಟನೆಯದರ ಮೇಲೆ ಬೈಂಡರ್ ಕುಸಿದು ಕೂತ. ಆಸ್ಪತ್ರೆಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಅವನ ಕೈಗೇ ಕೊಟ್ಟು, ಸಿಗರೇಟು ಸಾಕು ಎಂದರು. ಮನೆಗೆ ಬಂದ ಮೇಲೆ ಅವಳು ಅತ್ತು ಕರೆದು ಹೇಳಿದಳು: “ಬಿಟ್ಬಿಡಿ. ಮನಸ್ಸು ಮಾಡಿದ್ರೆ ಆಗುತ್ತೆ. ನಾನು ಓದೋದು ಬಿಟ್ಟಿಲ್ವಾ?”

“ನಿಜವಾಗ್ಲೂ ಬಿಟ್ಟಿದ್ದೀಯಾ?”

“ಆರು ವರ್ಷ!”

ಅವನು ಅವಳನ್ನೇ ನೋಡಿದ. “ಹಾಗಾದ್ರೆ ನಾನೂ ಬಿಡ್ತೀನಿ. ಆದ್ರೆ ಒಂದು ಮಾತು. ನೀನು ಓದ್ತಾ ಸಿಕ್ಕಿಬಿದ್ರೆ ನನ್ನ ಆಣೆ ಮುಗೀತು. ನಾನು ಸೇದ್ತಾ ಸಿಕ್ಕಿಬಿದ್ರೆ ನಿನ್ನದು ಮುಗೀತು. ಒಪ್ಪಿಗೆಯಾ?”

ಒಪ್ಪದೆ ಏನು ಮಾಡುವುದು? ಅವನು ಬದುಕಬೇಕಿತ್ತು. ಅದಕ್ಕೆ ಕೆಲವೇ ದಿನ ಮೊದಲು ಆ ಪುಸ್ತಕ ಅಂಗಡಿಗೆ ಬಂದಿರದಿದ್ದರೆ ಯಾವ ತೊಂದರೆಯೂ ಇರಲಿಲ್ಲ.

ನಿವೃತ್ತ ಜಡ್ಜ್ ಒಬ್ಬರು ತಂದುಕೊಟ್ಟ ಹಳೇ ಪತ್ತೇದಾರಿ ಕಾದಂಬರಿ ಅದು. ರಟ್ಟಿಲ್ಲ, ಹೆಸರಿನ ಪುಟವಿಲ್ಲ, ಹೊಲಿಗೆ ಕಿತ್ತುಹೋಗಿ ಹತ್ತೊಂಬತ್ತು ಫಾರಂಗಳೂ ಬಿಡಿಬಿಡಿಯಾಗಿ ಬಂದಿದ್ದವು. ಒಂದೊಂದು ಫಾರಂ ಎಂದರೆ ಹದಿನಾರು ಪುಟದ ಒಂದು ಮಡಿಕೆ. ಬೇರೆ ಪ್ರತಿ ಎಲ್ಲೂ ಇಲ್ಲವಂತೆ. ಜಡ್ಜ್ ಸಾಹೇಬರು ತಮ್ಮ ಗಾಜಿನ ಬೀರುವಿನ ಪುಸ್ತಕವನ್ನು ಸ್ವಂತ ಹೆಂಡತಿಗೂ ಓದಲು ಕೊಟ್ಟವರಲ್ಲ. ಎರಡು ವಾರ ಬಿಟ್ಟು ಶನಿವಾರ ಬಂದು ಒಯ್ಯುತ್ತೇನೆ ಎಂದು ಹೋಗಿದ್ದರು. ಒಂದು ದ್ವೀಪ, ಅಲ್ಲೊಂದು ಹೋಟೆಲು, ಹೋಟೆಲಿನ ಮುದುಕ ಯಜಮಾನನಿಗೆ ಯಾರೋ ಕಾಫಿಯಲ್ಲಿ ವಿಷ ಹಾಕಿದ್ದಾರೆ. ಗಂಡ ಸಿಗರೇಟು ಬಿಡುವ ಹಿಂದಿನ ದಿನದ ಹೊತ್ತಿಗೆ ಅವಳು ಹದಿನಾರು ಫಾರಂ ಮುಗಿಸಿದ್ದಳು.

ಆಮೇಲೆ ಹೊಗೆ ನಿಂತುಹೋಯಿತು. ಹೊಗೆಯಿಲ್ಲದ ಗಂಡ ಎಲ್ಲಿದ್ದಾನೆಂದು ತಿಳಿಯುವುದು ಹೇಗೆ? ರಬ್ಬರ್ ಚಪ್ಪಲಿ ಹಾಕಿಕೊಂಡು ಸದ್ದಿಲ್ಲದೆ ಎಲ್ಲೆಲ್ಲೂ ಓಡಾಡತೊಡಗಿದ. ಮೊದಲ ದಿನ ಅವಳ ಬೆನ್ನಿಗೇ ನಿಂತು ಹೊಲಿಗೆಯಲ್ಲಿ ತಪ್ಪು ಹುಡುಕಿದ. ಎರಡನೇ ದಿನ ಕಿಟಕಿಯ ಮೇಲೆ ಕೂತ ಪಾರಿವಾಳದ ಜೊತೆ ಜಗಳವಾಡಿದ. “ನೋಡು, ನೋಡು, ಹೇಗೆ ನೋಡುತ್ತೆ ನನ್ನ!” ಕೆಮ್ಮು ಕಡಿಮೆಯಾಗುವ ಬದಲು ಜಾಸ್ತಿಯಾಗಿತ್ತು, ಎರಡು ಪೆನ್ಸಿಲ್ ಅಗಿದು ಮುಗಿಸಿದ್ದ. ಸತ್ತಿದ್ದ ಮೂಗು ಬೇರೆ ಜೀವ ಪಡೆದಿತ್ತು.

“ಏನೇ ಇದು, ಅಂಟು ಇಷ್ಟು ನಾರುತ್ತಾ?”

“ಮೂವತ್ತು ವರ್ಷದಿಂದ ನಾರ್ತಿದೆ. ಸ್ವಾಗತ.”

ಗಡಿಯಾರ ಕಳೆದುಕೊಂಡ ಬೈಂಡರನ ಕೆಲಸವೂ ಹದ ತಪ್ಪಿತು. ಬೇಗ ಹಚ್ಚಿದ ರಟ್ಟುಗಳು ಜಾರಿದವು. ತಡವಾಗಿ ಬಿಚ್ಚಿದ ಶಾಲೆಯ ಅಟ್ಲಾಸೊಂದು ಆಫ್ರಿಕಾದಿಂದಾಚೆ ತೆರೆಯಲೇ ಇಲ್ಲ. ಗೋಡೆಯ ಗಡಿಯಾರ ನೋಡಿ ಎಂದರೆ, “ಅದು ನಿಮಿಷ ತೋರಿಸುತ್ತೆ. ಅಂಟಿಗೆ ನಿಮಿಷ ಅರ್ಥ ಆಗಲ್ಲ,” ಎಂದ.

ಅವಳು ಹದಿನೇಳನೇ ಫಾರಂ ಅನ್ನು ಟವೆಲ್ಲಿನಲ್ಲಿ ಸುತ್ತಿ ಬಚ್ಚಲಿಗೆ ಒಯ್ದಳು. ಮೂರನೇ ಪುಟಕ್ಕೆ ಬಾಗಿಲಾಚೆಯಿಂದ, “ಏನೇ, ಇನ್ನೂ ಆಗ್ಲಿಲ್ವಾ?” ಎಂದು ಗಂಡನ ಕೂಗು ಬಂತು. ಹೀಗೆ ಸಲಕ್ಕೆರಡು ಪುಟ, ಮೂರು ಪುಟ. ಸ್ನಾನ ಮಾತ್ರ ದಿನಕ್ಕೆರಡು ಸಲವಾಯಿತು.

ವಿಚಿತ್ರವೆಂದರೆ, ಮೂರನೇ ದಿನ ಅವನ ಕೆಲಸ ಇದ್ದಕ್ಕಿದ್ದಂತೆ ಸರಿಯಾಯಿತು. ಅಂಟು ಬಳಿದು, “ಡಾಕ್ಟರು ಹೇಳಿದ ಉಸಿರಿನ ವ್ಯಾಯಾಮ,” ಎಂದು ಹಿಂದಿನ ರದ್ದಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಆ ಬಾಗಿಲು ಅವಳ ಕುರ್ಚಿಯ ಬೆನ್ನ ಹಿಂದೆಯೇ. ಯಾವ ಗಳಿಗೆಗೆ ತೆರೆದುಕೊಳ್ಳುತ್ತದೋ ಹೇಳಲಾಗದು. ಬಂದವನೇ ಬಟ್ಟೆ ಹಚ್ಚಿದರೆ ಎಳ್ಳಷ್ಟೂ ಸುಕ್ಕಿಲ್ಲ. ರಟ್ಟು ನೆಟ್ಟಗೆ. ಒಂದು ಸಿಗರೇಟಿನಷ್ಟೇ ಹೊತ್ತು, ಒಂದೂವರೆ ಸಿಗರೇಟಿನಷ್ಟೇ ಹೊತ್ತು. ಹೆಂಡತಿ ದಡ್ಡಿಯಲ್ಲ. ಗಡಿಯಾರ ಸರಿಯಾಗಿ ನಡೆಯುತ್ತಿದೆ ಎಂದರೆ ಯಾರೋ ಅದಕ್ಕೆ ಬೆಂಕಿ ಹಚ್ಚುತ್ತಿದ್ದಾರೆ.

ಅಂದಿನಿಂದ ಶುರುವಾಯಿತು ಬಾಯಿ ಮೂಸುವ ತಪಾಸಣೆ. ಅವನು ಸಿಕ್ಕಿಬಿದ್ದರೆ ಅವಳ ಆಣೆ ಮುಗಿಯುತ್ತದೆ, ಕಾಲು ಚಾಚಿ ಕೂತು ಕಾದಂಬರಿ ಮುಗಿಸಬಹುದು, ಆಮೇಲೆ ಅವನನ್ನು ಬೈದು ಮತ್ತೆ ಬಿಡಿಸಬಹುದು. ಮೂವತ್ತು ವರ್ಷ ಸೇದಿದವನಿಗೆ ಒಂದು ಹೆಚ್ಚಾದರೆ ಏನಂತೆ? ಆದರೆ ಆರು ದಿನದಿಂದ ಬರೀ ಲವಂಗ.

ಇವತ್ತು ಗುರುವಾರ. ಪುಸ್ತಕ ಹೊಲಿದು ಸಂಜೆಯೊಳಗೆ ಒತ್ತುವ ಪ್ರೆಸ್ಸಿಗೆ ಹಾಕಿ ತಿರುಪು ಬಿಗಿದರೆ ಇನ್ನದು ತೆರೆಯುವುದು ಶನಿವಾರ, ಜಡ್ಜ್ ಸಾಹೇಬರ ಕೈಯಲ್ಲಿ. ಬೆಳಗಿನಿಂದ ಹೊಲಿಯುತ್ತ ಬಂದಳು. ಹನ್ನೆರಡನೇ ಫಾರಂನ ಮಡಿಕೆಯಲ್ಲಿ ಒಂದು ಲವಂಗ ಸಿಕ್ಕಿತು. ಜಡ್ಜ್ ಸಾಹೇಬರಿಗೆ ಹಲ್ಲುನೋವಿರಬೇಕು ಎಂದುಕೊಂಡಳು. ಹದಿನೆಂಟನೆಯದರ ಕೊನೆಯ ಸಾಲು ಅವಳಿಗೆ ಬಾಯಿಪಾಠವಾಗಿತ್ತು: ‘ಎಲ್ಲರೂ ಕೂತಿರಿ. ಆ ಕಪ್ಪನ್ನು ತೊಳೆದಿಟ್ಟವರು ಬೇರೆ ಯಾರೂ ಅಲ್ಲ,’ ಅಲ್ಲಿಗೆ ಪುಟ ಮುಗಿದಿತ್ತು. ಹದಿನೆಂಟನೆಯದನ್ನು ಹೊಲಿದು, ಹತ್ತೊಂಬತ್ತಕ್ಕೆ ಕೈ ಹಾಕಿದಳು.

ಇರಲಿಲ್ಲ.

ಮೇಜಿನ ಮೇಲೆ ನೋಡಿದಳು, ಕೆಳಗೆ ನೋಡಿದಳು, ಬಚ್ಚಲಿನ ಟವೆಲ್ಲನ್ನೂ ಕೊಡವಿ ನೋಡಿದಳು. “ರೀ, ಕೊನೇ ಫಾರಂ ಕಾಣ್ತಿಲ್ಲ!”

“ಇಲ್ಲೇ ಎಲ್ಲೋ ಇರುತ್ತೆ,” ಎಂದ ಬೈಂಡರ್, ಬೇರೊಂದು ಪುಸ್ತಕದ ಬೆನ್ನಿಗೆ ಅಂಟು ಬಳಿಯುತ್ತ. ಒಂದು ಹಾಳೆ ಮಡಚಿದರೂ ಬೀದಿ ಒಂದು ಮಾಡುವವನು, ಹದಿನಾರು ಪುಟ ಮಾಯವಾದರೆ, ಇಲ್ಲೇ ಎಲ್ಲೋ! ಕುಂಚ ತೊಳೆದಿಟ್ಟು, ಏಪ್ರನ್ನಿನ ಜೇಬು ತಡವಿಕೊಂಡು, ವ್ಯಾಯಾಮಕ್ಕೆಂದು ರದ್ದಿ ಕೋಣೆಗೆ ಹೋದ. ಚಿಲಕ ಬಿತ್ತು.

ಅವಳು ಬೀದಿಗೆ ಓಡಿದಳು. ಪಕ್ಕದ ಮಳಿಗೆಯಲ್ಲಿ ಅವಳ ತಮ್ಮ ಬೀಗ ರಿಪೇರಿ ಮಾಡುತ್ತಾನೆ. ಬೈಂಡರನ ಜೊತೆ ಹೊರಮೆಟ್ಟಿಲಲ್ಲಿ ಕೂತು ಸೇದುತ್ತಿದ್ದವನು ಒಂಬತ್ತು ದಿನದಿಂದ ಒಬ್ಬನೇ ಸೇದುತ್ತಿದ್ದ, ವಿಧುರನ ಹಾಗೆ.

“ಒಂದು ಸಿಗರೇಟು ಕೊಡೋ.”

ತಮ್ಮನ ಕೈಯಿಂದ ಕೀಲಿ ಜಾರಿತು. “ಅಕ್ಕಾ, ನೀನಾ? ಈ ವಯಸ್ಸಲ್ಲಿ?”

“ನನಗಲ್ವೋ. ನಿನ್ನ ಭಾವನಿಗೆ.”

“ಭಾವನಿಗಾ? ಮೊನ್ನೆ ನಾನೇ ಕೊಡೋಕೆ ಹೋದ್ರೆ ಕೈ ಮುಗಿದ್ರಲ್ಲ? ನೀನೇ ಬಿಡಿಸಿದ್ದು ತಾನೇ? ಊರಿಗೆಲ್ಲ ಹೇಳ್ಕೊಂಡು ಬಂದೆ, ನಮ್ಮಕ್ಕ ಹುಲಿ ಅಂತ.”

“ಹುಲಿಗೆ ಈಗ ಬೆಂಕಿಪೊಟ್ಟಣಾನೂ ಬೇಕು. ಜೊತೆಗೆ ನನ್ನ ರದ್ದಿ ಕೋಣೆ ಚಿಲಕ ಹೊರಗಿಂದ ತೆಗಿ.”

“ಒಳಗೆ ಯಾರಿದ್ದಾರೆ?”

“ನಿನ್ನ ಭಾವ. ಉಸಿರಾಡ್ತಿದ್ದಾರೆ.”

ತಮ್ಮ ಬಾಗಿದ ತಂತಿಯೊಂದನ್ನು ತಂದು ಬಾಗಿಲ ಸಂದಿಗೆ ತೂರಿಸಿದ. ಅವಳ ಲೆಕ್ಕಾಚಾರ ಸರಳ. ಒಳಗೆ ಹೊಗೆಯಿದ್ದರೆ ಅವನು ಸಿಕ್ಕಿಬಿದ್ದ. ಇಲ್ಲದಿದ್ದರೆ ಕೈಯಲ್ಲಿರುವುದನ್ನು ಹಚ್ಚಿಸಿ ಸಿಕ್ಕಿಸುವುದು. ಚಿಲಕ ಟಕ್ ಎಂದಿತು. “ನಾನು ಏನೂ ನೋಡಿಲ್ಲ,” ಎಂದು ತಮ್ಮ ಜಾರಿಕೊಂಡ. ಅವಳು ಬಾಗಿಲನ್ನು ಒಂದೇ ಏಟಿಗೆ ತಳ್ಳಿದಳು.

ಹೊಗೆಯಿರಲಿಲ್ಲ. ಮೇಲಿನ ಗವಾಕ್ಷಿಯಿಂದ ಬೀಳುವ ಬೆಳಕಿನಲ್ಲಿ, ಹಳೇ ಪತ್ರಿಕೆಗಳ ಕಟ್ಟಿನ ಮೇಲೆ ಚಿಮಣಿ ಕೂತಿದ್ದ. ಕನ್ನಡಕ ಮೂಗಿನ ತುದಿಯಲ್ಲಿ, ಲವಂಗ ಕೆನ್ನೆಯೊಳಗೆ, ಹತ್ತೊಂಬತ್ತನೇ ಫಾರಂ ಮೊಣಕಾಲ ಮೇಲೆ. ಒಂದನೇ ತರಗತಿಯ ಮಗುವಿನ ಹಾಗೆ ತುಟಿ ಆಡುತ್ತಿತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅವನು ಅವಳ ಕೈಯ ಸಿಗರೇಟನ್ನು. ಅವಳು ಅವನ ಮೊಣಕಾಲನ್ನು.

“ಓದ್ತಿದ್ದೀರಾ!”

“ಡಾಕ್ಟರು ಹೇಳಿದ್ರು. ಚಟ ಕರೆದಾಗ ಐದು ನಿಮಿಷ ಕೈಗೆ ಏನಾದ್ರೂ ಕೊಡಿ, ಅದೇ ಹೊರಟುಹೋಗುತ್ತೆ ಅಂತ. ಕೈಗೆ ಸಿಕ್ಕಿದ್ದು ಇದು.” ಸ್ವಲ್ಪ ನಾಚಿಕೊಂಡ. “ನೀನು ಊಟಕ್ಕೆ, ಸ್ನಾನಕ್ಕೆ ಹೋದಾಗಲೆಲ್ಲ ಒಂದೊಂದೇ ಫಾರಂ ತರ್ತಿದ್ದೆ, ಮತ್ತೆ ಅಲ್ಲೇ ಇಡ್ತಿದ್ದೆ. ಬಟ್ಟೆ ಹಚ್ಚೋ ಅಂಟಿಗೆ ನಾಲ್ಕು ಪುಟ ಕಣೇ. ರಟ್ಟಿಗೆ ಆರು. ಗಡಿಯಾರ ಇಟ್ಟ ಹಾಗೆ.”

“ನಿಮ್ಮಪ್ಪನ ನಿಯಮ?”

“ಅಪ್ಪ ಹೇಳಿದ್ದು ಹೊಲಿಯೋರು ಓದಬಾರದು ಅಂತ. ಅಂಟು ಹಚ್ಚೋರ ವಿಷಯ ಅವರು ಎತ್ತಲೇ ಇಲ್ಲ.”

ಅವಳಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ. ಆದರೆ ಅದನ್ನು ದಾಟಿಕೊಂಡು ಬೇರೊಂದು ಮಾತು ಬಾಯಿಂದ ಹೊರಬಿತ್ತು: “ಕಪ್ ತೊಳೆದಿದ್ದು ಯಾರು?”

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬೈಂಡರ್ ಕನ್ನಡಕದ ಮೇಲಿಂದ ನಿಧಾನವಾಗಿ ನೋಡಿದ.

“ಯಾವ ಕಪ್ಪು?”

“ಯಾವುದೋ ಕಪ್ಪು.”

“ಆರು ವರ್ಷದಿಂದ ಒಂದಕ್ಷರ ಓದದೋಳಿಗೆ ಕಪ್ಪಿನ ವಿಷಯ ಹೇಗೆ ಗೊತ್ತು?” ಅವನ ಮೀಸೆಯಡಿ ನಗು ಹರಡಿತು. “ಹಾಗಾದ್ರೆ ನನ್ನ ಆಣೆ ಮುಗೀತು. ಇವತ್ತಿಂದ ನಾನು ಸ್ವತಂತ್ರ.”

“ಹೂಂ, ಮುಗೀತು! ಸೋತೆ, ಒಪ್ಪಿಕೊಂಡೆ.” ಅವಳು ಕೈ ಮುಂದೆ ಚಾಚಿದಳು. ಕಡ್ಡಿ ಗೀರಿಯೂ ಬಿಟ್ಟಳು. “ತಗೊಳ್ಳಿ. ಒಂದೇ ಒಂದು. ಮೆಟ್ಟಿಲ ಮೇಲೆ ಹೋಗಿ ಆರಾಮಾಗಿ ಕೂತು ಸೇದಿ, ನಾನು ಏನೂ ಅನ್ನಲ್ಲ. ಅದನ್ನ ಇಲ್ಲಿ ಕೊಡಿ.”

ಅವನ ಮೂಗು ಅರಳಿತು. ಒಂಬತ್ತು ದಿನದಿಂದ ಹೊಸದಾಗಿದ್ದ ಆ ಮೂಗಿಗೆ ಒಣ ತಂಬಾಕಿನ ವಾಸನೆ, ಗಂಧಕದ ಘಾಟು, ಎರಡೂ ಒಟ್ಟಿಗೆ ಬಡಿದವು. ಬಲಗೈ ಎದ್ದಿತು, ಗಾಳಿಯಲ್ಲಿ ಅರ್ಧ ದಾರಿ ಬಂತು, ಹಳದಿ ಬೆರಳೆರಡೂ ತಾವಾಗಿಯೇ ತೆರೆದುಕೊಂಡವು. ಕಡ್ಡಿ ಉರಿಯುತ್ತ ಅವಳ ಉಗುರಿನತ್ತ ಇಳಿಯುತ್ತಿತ್ತು.

“ಬೇಗ, ಕೈ ಸುಡುತ್ತೆ!”

ಅವನ ಕೈ ಬಂದ ದಾರಿಯಲ್ಲೇ ಹಿಂತಿರುಗಿ ಫಾರಂನ ಮೂಲೆಯನ್ನು ಭದ್ರವಾಗಿ ಹಿಡಿದುಕೊಂಡಿತು.

“ಬೇಡ,” ಎಂದು ಅವನು ಪುಟ ಮಗುಚಿದ.